ನನಗೂ ಒಂದು ಅಡ್ಡಹೆಸರು

ಅವಮಾನಗಳಲ್ಲೆಲ್ಲ ದೊಡ್ಡದು ಯಾವುದೆಂದು ನನ್ನನ್ನು ಕೇಳಿದರೆ, ಯಾರೂ ನಮಗೆ ಅವಮಾನ ಮಾಡುವ ಗೋಜಿಗೇ ಹೋಗದಿರುವುದು ಎನ್ನುತ್ತೇನೆ. ನೆನೆಸಿಕೊಂಡರೆ ಈ ವಯಸ್ಸಿನಲ್ಲೂ ಮೈ ಉರಿಯುತ್ತದೆ.

ಐವತ್ತರ ದಶಕದ ಕೊನೆಯ ಮಾತು. ನನಗಾಗ ಹದಿನಾರು. ಹರಿಹರದಿಂದ ದಾವಣಗೆರೆಯ ಕಾಲೇಜಿಗೆ ದಿನಾ ಪ್ಯಾಸೆಂಜರ್ ರೈಲಿನಲ್ಲಿ ಹೋಗಿಬರುತ್ತಿದ್ದ ಹುಡುಗರ ಗುಂಪಿನಲ್ಲಿ ನಾನೂ ಇದ್ದೆ. ಇದ್ದೇನೆಂದು ನಾನು ತಿಳಿದಿದ್ದೆ. ಗುಂಪಿಗೆ ಬಸವರಾಜ ಯಜಮಾನ. ಯಾರ ಸೊಟ್ಟ ಎಲ್ಲಿದೆ ಎಂದು ಒಂದೇ ನೋಟಕ್ಕೆ ಹಿಡಿದು, ಅಲ್ಲೇ ಒಂದು ಅಡ್ಡಹೆಸರು ಅಂಟಿಸಿಬಿಡುತ್ತಿದ್ದ. ದುಂಡು ಮುಖದ ಶಿವಣ್ಣ ‘ರೊಟ್ಟಿ’ಯಾದ. ಓಡಿಬಂದು ಏದುಸಿರು ಬಿಡುತ್ತಿದ್ದ ಹನುಮಂತ ‘ಇಂಜಿನ್’ ಆದ. ಅತ್ತರಿನಂಗಡಿ ಸಾಹೇಬರ ಮಗ ಖಾದರ್, ಮೈಗೆ ಒಂದು ಹನಿಯನ್ನೂ ಸೋಕಿಸಿಕೊಳ್ಳದವನು, ‘ಅತ್ತರು’ ಆದ. ನಾನು ಮಾತ್ರ ಏನೂ ಆಗಲಿಲ್ಲ. “ರೊಟ್ಟಿ, ಬಾರೋ!” ಎಂದು ಅವರ ಬೆನ್ನಿಗೆಲ್ಲ ಗುದ್ದು ಬೀಳುವಾಗ ನನ್ನ ಬೆನ್ನು ಬರಿದಾಗಿ ನಿಂತಿರುತ್ತಿತ್ತು.

ನನಗೇಕೆ ಹೆಸರಿಟ್ಟಿಲ್ಲ ಎಂದು ನಾಚಿಕೆ ಬಿಟ್ಟು ಖಾದರನನ್ನೇ ಕೇಳಿದೆ. ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮರುಗುತ್ತಾ, “ಹೆಸರಿಡಾಕೆ ಏನಾರ ಬೇಕಲ್ಲೋ? ನಿಂದೆಲ್ಲಾ ಸರಿ ಐತೆ” ಎಂದ. ಸರಿ ಇದೆಯಂತೆ! ಮರುದಿನದಿಂದಲೇ ಕುಂಟತೊಡಗಿದೆ. ಗುಂಪಿನವರು ಯಾರೂ ಗಮನಿಸಲಿಲ್ಲ. ಗಮನಿಸಿದವಳು ಸಂತೆಗೆ ಹೊರಟಿದ್ದ ಒಬ್ಬ ಮುದುಕಿ. “ಕಾಲು ನೋವೇನೋ ತಮ್ಮಾ, ಕುಂದ್ರು ಬಾ” ಎಂದು ತನ್ನ ಜಾಗವನ್ನೇ ಬಿಟ್ಟುಕೊಟ್ಟಳು. ದಾವಣಗೆರೆ ಬರುವವರೆಗೂ ಹಲ್ಲು ಕಚ್ಚಿಕೊಂಡು ಕೂತಿದ್ದೆ.

ಕೊನೆಗೆ ಒಂದು ದಿನ ಬೆಣ್ಣೆ ದೋಸೆ ತಿನ್ನಲು ಹೋದಾಗ ಬಸವರಾಜ ಹೋಟೆಲಿನವರಿಗೆ ಹೇಳಿದ: “ರೊಟ್ಟಿಗೊಂದು, ಇಂಜಿನ್ನಿಗೊಂದು, ಅತ್ತರಿಗೊಂದು, ನಂಗೊಂದು... ಮತ್ತ ಇನ್ನೊಬ್ಬಂಗೊಂದು.” ತಟ್ಟೆ ಹಿಡಿದು ಬಂದಾತ, “ಇನ್ನೊಬ್ಬ ಅಂದ್ರ ಯಾರ್ರಿ?” ಎಂದು ಕೇಳಿದ. ಎಲ್ಲರೂ ಒಟ್ಟಿಗೆ ನನ್ನ ಕಡೆ ಬೆರಳು ತೋರಿಸಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದಿನಿಂದ ನಾನು ‘ಇನ್ನೊಬ್ಬ’.

ಇದೊಂದು ಹೆಸರೇ? ಉಪ್ಪಿಲ್ಲ, ಖಾರವಿಲ್ಲ! ಸಿಟ್ಟಿನಿಂದ ಕುದಿಯುತ್ತಲೇ ಮರುದಿನ ಸ್ಟೇಷನ್ನಿಗೆ ಹೋದೆ. “ಇನ್ನೊಬ್ಬಾ, ಲಗೂನ ಬಾರೋ!” ಎಂದು ರೈಲಿನ ಬಾಗಿಲಿನಿಂದ ಕೂಗು ಬಂತು, ಹತ್ತಿದ ಕೂಡಲೇ ಬೆನ್ನಿಗೊಂದು ಗುದ್ದೂ ಬಿತ್ತು. ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೆ. ನಗು ಬಂದದ್ದು ಅವರಿಗೆ ಕಾಣಬಾರದಲ್ಲ!

ಅಷ್ಟರಲ್ಲಿ ಮಲ್ಲೇಶಿ ಎಂಬ ಹೊಸಬ ಗುಂಪಿಗೆ ಸೇರಿದ. ಬಸವರಾಜ ಅವನನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಏನೂ ಸಿಗದೆ, “ಇವನೂ ಇನ್ನೊಬ್ಬನೇ ಬಿಡ್ರಿ” ಎಂದುಬಿಟ್ಟ. ನಾನು ಬೆಂಚಿನಿಂದ ಜಿಗಿದು ನಿಂತೆ.

“ಅದು ನನ್ನೆಸರು! ಇವಂಗೆ ಬ್ಯಾಡ!”

“ಮತ್ತೇನಿಡಾನ? ಎಲ್ಲಾ ನೆಟ್ಟಗೈತೆ.”

ಮಲ್ಲೇಶಿ ನನ್ನನ್ನೇ ನೋಡುತ್ತಿದ್ದ. ಅವನ ಕಣ್ಣಿನಲ್ಲಿದ್ದದ್ದು ಏನೆಂದು ನನಗಿಂತ ಚೆನ್ನಾಗಿ ಬಲ್ಲವರು ಆ ಡಬ್ಬಿಯಲ್ಲಿ ಯಾರಿದ್ದರು? ಅವನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ಹಲ್ಲು, ಮೂಗು, ಹುಬ್ಬು ಎಲ್ಲವನ್ನೂ ತಡಕಾಡಿದೆ. “ಬಸಣ್ಣಾ, ಈ ಎಡಗಿವಿ ನೋಡು. ಬಲಗಿವಿಗಿಂತ ಅಗಲ ಐತೆ!”

“ಹೌದಲ್ಲೋ! ಮೊರ ಇದ್ದಂಗೈತೆ!”

ದಾವಣಗೆರೆಯಲ್ಲಿ ರೈಲಿಳಿಯುವ ಹೊತ್ತಿಗೆ ಮಲ್ಲೇಶಿ ‘ಮೊರ’ನಾಗಿದ್ದ. ಎಡಗಿವಿ ಮುಟ್ಟಿಕೊಳ್ಳುತ್ತಾ, ಮುಖದ ತುಂಬ ನಗುತ್ತಾ ನಮ್ಮ ಮುಂದೆ ಮುಂದೆ ನಡೆದ. ನನಗೋ ತಡೆಯಲಾರದ ಹೊಟ್ಟೆಕಿಚ್ಚು. ತಿಂಗಳುಗಟ್ಟಲೆ ಕಾದ ನನಗೆ ಸಪ್ಪೆ ಹೆಸರು. ನಿನ್ನೆ ಮೊನ್ನೆ ಬಂದವನಿಗೆ ಇಂಥ ಮುತ್ತಿನಂಥ ಹೆಸರೇ? ಅದೂ ನನ್ನ ಕೈಯಿಂದಲೇ?

ಸಂಜೆ ಮನೆಗೆ ಹೋದವನೇ ಗೋಡೆಯ ಕನ್ನಡಿ ಇಳಿಸಿ ನನ್ನ ಕಿವಿಗಳನ್ನು ನೋಡಿಕೊಂಡೆ. ಹಾಳಾದವು, ಎರಡೂ ಸಮನಾಗಿದ್ದವು.