ಎರಡನೇ ನಂಬರಿನ ಪೆಟ್ಟಿಗೆ

ರದ್ದಿಗೆ ಹಾಕಿದ್ದ ಒಂದು ಹಾಳೆಯನ್ನು ಮನೆಗೆ ತಂದದ್ದೇ ಕತ್ತರಿಯಣ್ಣ ಮಾಡಿದ ತಪ್ಪು. ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವ ಮೆಷಿನ್ ನಡೆಸುತ್ತಿದ್ದವನಿಗೆ ಅಲ್ಲಿಯವರು ಇಟ್ಟ ಹೆಸರು ಅದು. ಸ್ವಂತ ಹೆಸರು ಹಿಡಿದು ಕರೆದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ಆ ವಾರ ಪ್ರೆಸ್ಸಿನಲ್ಲಿ ಅಚ್ಚಾಗುತ್ತಿದ್ದದ್ದು ಭವಿಷ್ಯ ಹೇಳುವ ಲೆನೋರ್ಮಾಂಡ್ ಕಾರ್ಡುಗಳು. ಮನೆಯಲ್ಲಿ ಅತ್ತಿಗೆಗೆ ಈ ಹುಚ್ಚು ಇತ್ತಲ್ಲ, ಮೂವತ್ತಾರು ಎಲೆಗಳೂ ಅಚ್ಚಾಗಿ ಮೂಲೆಯಲ್ಲಿ ಬಿದ್ದಿದ್ದ ರದ್ದಿ ಹಾಳೆಯೊಂದನ್ನು ನೀಟಾಗಿ ಕತ್ತರಿಸಿ, ರಬ್ಬರ್ ಬ್ಯಾಂಡ್ ಹಾಕಿ ತಂದುಕೊಟ್ಟ.

ಅತ್ತಿಗೆ ಮೊದಲು ನೋಡುತ್ತಿದ್ದದ್ದು ಟ್ಯಾರೋ ಕಾರ್ಡು. ಕತ್ತರಿಯಣ್ಣನ ಅಣ್ಣ ತೀರಿಹೋದ ದಿನ ಬೆಳಗ್ಗೆ ಅವರ ಕೈಗೆ ಸಾವಿನ ಎಲೆಯೇ ಬಂದಿತ್ತು. "ಟ್ಯಾರೋದಲ್ಲಿ ಸಾವು ಅಂದ್ರೆ ಸಾವಲ್ಲ, ಬದಲಾವಣೆ" ಎಂದು ನಗುತ್ತಾ ಗಂಡನಿಗೆ ಊಟದ ಡಬ್ಬಿ ಕಟ್ಟಿ ಕಳಿಸಿದ್ದರು. ಮಧ್ಯಾಹ್ನದ ಹೊತ್ತಿಗೆ ಡಬ್ಬಿ ಮಾತ್ರ ವಾಪಸ್ ಬಂತು. ಅಂದಿನಿಂದ ಸುತ್ತಿ ಬಳಸಿ ಮಾತಾಡುವ ಎಲೆಗಳ ಮೇಲೆ ಅವರಿಗೆ ನಂಬಿಕೆ ಹೋಯಿತು.

"ಇವು ಹಾಗಲ್ಲ ನೋಡಪ್ಪ," ಎಂದರು ಮರುದಿನ ಬೆಳಗ್ಗೆ, ಹೊಸ ಕಟ್ಟನ್ನು ಕಲಸುತ್ತಾ. "ಹಡಗು ಅಂದ್ರೆ ಹಡಗು, ಹಾವು ಅಂದ್ರೆ ಹಾವು. ತೆಗಿ ಮೂರು ಎಲೆ."

ಕತ್ತರಿಯಣ್ಣನಿಗೂ ಕೇಳುವುದಿತ್ತು. ಕೆಲಸ ಕಮ್ಮಿಯಾಗಿದೆ, ಕತ್ತರಿಸುವ ಇಬ್ಬರಲ್ಲಿ ಒಬ್ಬನನ್ನೇ ಇಟ್ಟುಕೊಳ್ಳುತ್ತೇನೆ, ಯಾರೆಂದು ಇವತ್ತು ಸಂಜೆ ಹೇಳುತ್ತೇನೆ ಎಂದಿದ್ದರು ಯಜಮಾನರು. ಇನ್ನೊಬ್ಬ ಗುಂಗುರು ಕೂದಲಿನವನು, ಅವನನ್ನು ಗುಂಗುರು ಅಂತಲೇ ಕರೆಯುತ್ತಿದ್ದರು. ಒಂಟಿ ಮನುಷ್ಯ, ಕೈ ಚುರುಕು. ಕತ್ತರಿಯಣ್ಣನಿಗೋ ಹೆಂಡತಿ, ಅತ್ತಿಗೆ, ಇಬ್ಬರು ಹೆಣ್ಣುಮಕ್ಕಳು. ಈ ಕೆಲಸ ಬಿಟ್ಟರೆ ಅವನಿಗೆ ಬೇರೆ ಗೊತ್ತಿರಲಿಲ್ಲ.

ಮೊದಲ ಎಲೆಯಲ್ಲಿ ಒಬ್ಬ ಗಂಡಸು. "ಇದು ನೀನು," ಎಂದರು ಅತ್ತಿಗೆ. ಎರಡನೆಯದು ನರಿ. "ನಿನ್ನ ಪಕ್ಕದಲ್ಲೇ ಒಬ್ಬ ಮೋಸಗಾರ ಇದಾನೆ." ಮೂರನೆಯದು ಶವಪೆಟ್ಟಿಗೆ. ಅತ್ತಿಗೆ ಉಳಿದ ಕಟ್ಟನ್ನು ಕೆಳಗಿಟ್ಟರು.

"ಬದಲಾವಣೆ ಅಲ್ವಾ ಅತ್ತಿಗೆ?"

"ಪೆಟ್ಟಿಗೆ ಅಂದ್ರೆ ಪೆಟ್ಟಿಗೆ ಕಣಪ್ಪ. ಒಂದ್ಸಲ ಸಿಹಿ ಮಾತಾಡಿ ಮನೆ ಹಾಳು ಮಾಡ್ಕೊಂಡಿದೀನಿ. ಇವತ್ತು ನೀನು ಹೋಗ್ಬೇಡ."

ಹೋಗದಿದ್ದರೆ ಕೆಲಸಕ್ಕೆ ಕುತ್ತು, ಹೋದರೆ ಜೀವಕ್ಕೆ. ಹೆಂಡತಿ "ಬೇಡ ರೀ, ಶವಪೆಟ್ಟಿಗೆ ಎಲೆ ಬಂದಿದೆ" ಎಂದು ಬಾಗಿಲಿಗೆ ಅಡ್ಡ ನಿಂತು ಗಟ್ಟಿಯಾಗಿ ಅತ್ತಳು. ಆ ಅಳು ಕಟ್ಟಡಕ್ಕೆಲ್ಲ ಕೇಳಿಸಿತು. ಪೆಟ್ಟಿಗೆಯ ಎಲೆಯನ್ನು ಜೇಬಿಗೆ ಹಾಕಿಕೊಂಡು ಅವನು ಮೆಟ್ಟಿಲಿಳಿಯುವಷ್ಟರಲ್ಲಿ ಕೆಳಮನೆಯ ದರ್ಜಿ ಕೋಟು ಹಿಡಿದು ನಿಂತಿದ್ದ. ಹೋದ ವರ್ಷ ಬಟ್ಟೆ ಕೊಟ್ಟಿದ್ದ ಕೋಟು, ನಾಳೆ ನಾಳೆ ಎಂದು ಸತಾಯಿಸಿದ್ದು.

"ಈಗಷ್ಟೇ ಗುಂಡಿ ಹಾಕ್ದೆ ಅಣ್ಣ, ತೊಟ್ಕೊಂಡೇ ಹೋಗಿ. ಒಂದು ತೋಳು ಸ್ವಲ್ಪ ಗಿಡ್ಡ ಆಗಿದೆ. ಇನ್ನು ಅದನ್ನೆಲ್ಲ ಯಾರು ನೋಡ್ತಾರೆ, ಹೇಳಿ?"

ಮೇಲ್ಮನೆಯ ನಿವೃತ್ತ ನರ್ಸಮ್ಮ ಮೇಲಿನಿಂದ ಬಗ್ಗಿ, ಕಣ್ಣು ದಾನದ ವಿಚಾರ ಮನೆಯಲ್ಲಿ ಮಾತಾಡಿದ್ದೀರಾ ಎಂದು ಬಹಳ ಮೃದುವಾಗಿ ವಿಚಾರಿಸಿದರು.

ಪ್ರೆಸ್ಸಿನಲ್ಲಿ ಎದುರಾದವನೇ ಗುಂಗುರು, ಕೈಯಲ್ಲಿ ಟೀ ಲೋಟ. "ಏನಣ್ಣ, ಹೊಸ ಕೋಟು! ಸಂಜೆ ಸುದ್ದಿ ನಿಂಗೆ ಮೊದ್ಲೇ ಗೊತ್ತಾಗೋಯ್ತಾ?" ಎಂದು ಕಣ್ಣು ಹೊಡೆದ. ನರಿ ಹೇಗಿರುತ್ತದೆ ಎಂದು ಕತ್ತರಿಯಣ್ಣನಿಗೆ ಇನ್ಯಾರೂ ಹೇಳಬೇಕಾಗಿರಲಿಲ್ಲ. ಅವನು ಕುಡಿಯಲೆಂದು ಕೊಟ್ಟ ಟೀಯನ್ನು ಸದ್ದಿಲ್ಲದೆ ಕಸದ ಬುಟ್ಟಿಗೆ ಸುರಿದ. ಬೆನ್ನನ್ನು ಗೋಡೆಗೆ ಕೊಟ್ಟು, ಒಂದು ಕಣ್ಣು ಗುಂಗುರುವಿನ ಮೇಲಿಟ್ಟು, ಇನ್ನೊಂದರಲ್ಲಿ ಕೆಲಸ ನಡೆಸಿದ. ಯಾರೋ ಗಿರಾಕಿಯ ಕ್ಯಾಲೆಂಡರಿನಲ್ಲಿ ಭಾನುವಾರಗಳೆಲ್ಲ ಕತ್ತರಿಸಿ ಹೋದವು.

ಸೊಟ್ಟ ಅಂಚು ನೋಡಿದ ಯಜಮಾನರು ತಪ್ಪು ಅಲಗಿನದೆಂದು ತಿಳಿದು, "ಮೊಂಡಾಗಿದೆ, ಬದಲಾಯ್ಸಿ" ಎಂದು ಹೇಳಿ ಒಳಗೆ ಹೋದರು.

ಅಲಗು ಬದಲಾಯಿಸುವುದು ಇಬ್ಬರ ಕೆಲಸ. ಒಬ್ಬ ಬೋಲ್ಟು ಬಿಚ್ಚಬೇಕು, ಇನ್ನೊಬ್ಬ ಕೆಳಗಿನಿಂದ ಹಿಡಿಕೆ ಹಿಡಿದು ಭಾರ ಹೊರಬೇಕು. ಇಷ್ಟು ವರ್ಷ ಇಬ್ಬರೂ ಒಬ್ಬರನ್ನೊಬ್ಬರು ನಂಬಿ ಮಾಡಿದ ಕೆಲಸ ಅದು.

"ಹಿಡ್ಕೋ ಅಣ್ಣ, ಕೊನೇ ಬೋಲ್ಟು," ಎಂದು ಗುಂಗುರು ಸ್ಪ್ಯಾನರ್ ಎತ್ತಿದ. ಎತ್ತಿದ ಸ್ಪ್ಯಾನರ್ ಕಂಡದ್ದೇ ತಡ, ಕತ್ತರಿಯಣ್ಣ "ಅಯ್ಯಯ್ಯೋ, ಕೊಂದ!" ಎಂದು ಕಿರುಚಿ, ಹಿಡಿಕೆ ಬಿಟ್ಟು ಹಿಂದಕ್ಕೆ ಹಾರಿದ. ಅಲಗು ಜಾರಿ, ಮೇಜಿನ ಅಂಚಿಗೆ ಬಡಿದು, ಗುಂಗುರುವಿನ ಬಲಗಾಲಿಗೆ ಬಿತ್ತು. ಶೂವಿನ ತುದಿಯನ್ನೂ ಹೆಬ್ಬೆರಳಿನ ತುದಿಯನ್ನೂ ಒಟ್ಟಿಗೇ ತೆಗೆಯಿತು. ಆ ದಿನ ಆ ಮೆಷಿನ್ನಿನಲ್ಲಿ ನೇರವಾಗಿ ಬಿದ್ದ ಕಟಿಂಗ್ ಅದೊಂದೇ.

ಯಜಮಾನರು ಓಡಿ ಬಂದರು. ಯಾರೋ ಕಾಲಿಗೆ ಬಟ್ಟೆ ಸುತ್ತಿದರು, ಯಾರೋ ಗಾಡಿ ತರಲು ಓಡಿದರು. ಕತ್ತರಿಯಣ್ಣ ಜೇಬಿನಿಂದ ಎಲೆ ತೆಗೆದ. "ಯಜಮಾನ್ರೇ, ನರಿ ಪಕ್ಕದಲ್ಲಿ ಪೆಟ್ಟಿಗೆ ಬಂದಿತ್ತು. ಇವನು ನನ್ನ ಮುಗಿಸೋಕೆ ನಿಂತಿದ್ದ!"

ಯಜಮಾನರು ಕನ್ನಡಕ ಏರಿಸಿ ನೋಡಿದರು. "ಇದೆಲ್ಲಿ ಸಿಕ್ತು ನಿಂಗೆ?"

"ರದ್ದೀಲಿ."

"ರದ್ದಿಗೆ ನಾನ್ಯಾಕೆ ಹಾಕಿದ್ದೆ ಅಂತ ಯೋಚಿಸ್ದ್ಯಾ? ಮೂಲೇಲಿ ನಂಬರ್ ನೋಡು, ಎರಡು. ಪೆಟ್ಟಿಗೆ ಎಂಟನೇದು. ಎರಡನೇದು ಕ್ಲೋವರ್ ಗಿಡ, ಅದೃಷ್ಟದ ಕಾರ್ಡು. ಅಚ್ಚಿನ ಪ್ಲೇಟ್ ಮಾಡೋನು ಅಲ್ಲೂ ಪೆಟ್ಟಿಗೆ ಚಿತ್ರಾನೇ ಕೂರ್ಸಿಬಿಟ್ಟಿದ್ದ."

"ಮತ್ತೆ ನರಿ?"

"ಪ್ರೂಫ್ ನೋಡಿ ನೋಡಿ ನಂಗೆ ಬಾಯಿಪಾಠ ಆಗಿದೆ. ಇವನ್ನ ಒಂದೊಂದೇ ಓದೋದಲ್ಲ, ಜೋಡಿಸಿ ಓದ್ಬೇಕು. ನರಿ ಅಂದ್ರೆ ಹೊಟ್ಟೆಪಾಡಿನ ಕೆಲಸ. ಅದರ ಪಕ್ಕ ಕ್ಲೋವರ್ ಬಂದ್ರೆ ಕೆಲಸದಲ್ಲಿ ಅದೃಷ್ಟ." ಯಜಮಾನರ ದನಿ ತಗ್ಗಿತು. "ಅದು ಬಂದಿತ್ತು ಕೂಡ. ಇವನು ಬೆಳಗ್ಗೆನೇ ಬಂದು, ಅಣ್ಣನಿಗೆ ಸಂಸಾರ ಇದೆ, ಅವನನ್ನೇ ಇಟ್ಕೊಳ್ಳಿ, ನಾನು ಭಾವನ ಲಾರಿ ಓಡಿಸ್ಕೊಂಡಿರ್ತೀನಿ ಅಂದಿದ್ದ. ಈಗ ಈ ಕಾಲಲ್ಲಿ ಯಾವ ಲಾರಿ ಓಡಿಸ್ತಾನೆ? ಇಲ್ಲೇ ಸ್ಟೂಲ್ ಹಾಕಿ ಕೂರಿಸ್ಕೋಬೇಕು."

ಕತ್ತರಿಯಣ್ಣ ಎಲೆಯ ಮೂಲೆಯನ್ನು ಮತ್ತೊಮ್ಮೆ ನೋಡಿದ. "ನರಿ ಪಕ್ಕ ನಿಜವಾಗ್ಲೂ ಪೆಟ್ಟಿಗೇನೇ ಬಂದ್ರೆ?"

"ಕೆಲಸ ಹೋಯ್ತು ಅಂತ. ಹೊರಡಪ್ಪ."

"ಹೋಗ್ಲಿ ಬಿಡಿ ಯಜಮಾನ್ರೇ," ಎಂದ ಗುಂಗುರು, ನೋವಿಗೆ ಹಲ್ಲು ಕಚ್ಚುತ್ತಾ. "ಅಣ್ಣ ಬೇಕಂತ ಮಾಡಿಲ್ಲ." ಭೂಮಿ ಬಾಯ್ಬಿಡಬಾರದೇ ಅನ್ನಿಸಿತು ಕತ್ತರಿಯಣ್ಣನಿಗೆ. ಆ ಒಳ್ಳೆಯ ಮಾತನ್ನು ಅವನು ಯಾವತ್ತೂ ಮರೆಯಲಾರ.

ಮನೆಯ ಮೆಟ್ಟಿಲಲ್ಲಿ ಜನ ನೆರೆದಿದ್ದರು. ಅವನು ತನ್ನ ಕಾಲ ಮೇಲೆ ತಾನೇ ನಡೆದು ಬಂದದ್ದನ್ನು ನೋಡಿ ನರ್ಸಮ್ಮ ಮೇಲೆ ಹೋದರು. ದರ್ಜಿ, "ಹಾಗಾದ್ರೆ ಕೋಟು ಬಿಚ್ಕೊಡಿ ಅಣ್ಣ, ತೋಳು ಸರಿ ಮಾಡಿ ನಾಳೆ ಕೊಡ್ತೀನಿ" ಎಂದು ಬಿಚ್ಚಿಸಿಕೊಂಡೇ ಹೋದ. ಹೆಂಡತಿ ಅಪ್ಪಿಕೊಂಡು ಅತ್ತಳು. ನಡೆದದ್ದನ್ನೆಲ್ಲ ಕೇಳಿದ ಮೇಲೆ ಅಳು ನಿಲ್ಲಿಸಿ, ಗೋಡೆಗೆ ಒರಗಿ ಕೂತುಬಿಟ್ಟಳು.

ಅತ್ತಿಗೆ ಕಟ್ಟನ್ನು ಬಿಚ್ಚಿ ಒಂದೊಂದೇ ಎಲೆ ತಿರುವಿದರು. ಎಂಟನೇ ನಂಬರು ಸಿಕ್ಕಿದಾಗ ಕೈ ನಿಂತಿತು. ಅಲ್ಲೂ ಪೆಟ್ಟಿಗೆ.

"ಹಾಗಾದ್ರೆ ಅಸಲಿ ಪೆಟ್ಟಿಗೆ ಇನ್ನೂ ಕಟ್ಟಲ್ಲೇ ಇದೆ ಅಂತಾಯ್ತು," ಎಂದರು. ಅದನ್ನು ಒಳಗೆ ಸೇರಿಸಿ, ಚೆನ್ನಾಗಿ ಕಲಸಿ, ಮೈದುನನ ಮುಂದೆ ಹಿಡಿದರು. "ತೆಗಿಯಪ್ಪ ಮೂರು. ನಾಳೆ ಕತೆ ಏನು ನೋಡೋಣ."