ಲಾಟೀನು ಕಾರ್ಖಾನೆಯ ಎದೆಯಳತೆ

ಸಾವಿರದ ಒಂಬೈನೂರ ಐವತ್ತೈದನೆಯ ಇಸವಿಯ ಕೊನೆಯ ಹೊತ್ತಿಗೆ ರಾಜಾಜಿನಗರದ ಸರ್ಕಾರಿ ಲಾಟೀನು ಕಾರ್ಖಾನೆಯಲ್ಲಿ ನಲವತ್ತೊಂದು ಮಂದಿ ನೌಕರರಿದ್ದರು. ನಲವತ್ತೊಂದು ಮಂದಿಯ ಎತ್ತರವೂ ಐದು ಅಡಿ ಏಳು ಅಂಗುಲ. ತೂಕ ನೂರ ನಲವತ್ತು ಪೌಂಡು. ಎದೆಯ ಸುತ್ತಳತೆ ಮೂವತ್ತಾರು ಅಂಗುಲ, ಉಸಿರೆಳೆದಾಗ ಮೂವತ್ತೊಂಬತ್ತು. ಪ್ರತಿಯೊಬ್ಬರ ಎಡಭುಜದ ಕೆಳಗೂ ಹೋರಿ ತಿವಿದ ಮೂರು ಅಂಗುಲದ ಕಲೆಯಿತ್ತು. ಇದಿಷ್ಟೂ ವೈದ್ಯಕೀಯ ಕಡತದಲ್ಲಿ ಸಹಿ, ಮೊಹರುಗಳೊಡನೆ ದಾಖಲಾಗಿದ್ದುದರಿಂದ ಸತ್ಯವಾಗಿತ್ತು. ನೋಡುವವರ ಕಣ್ಣಿಗೆ ಅವರಲ್ಲಿ ಕೆಲವರು ಕುಳ್ಳರಾಗಿಯೂ, ಕೆಲವರು ಡೊಳ್ಳುಹೊಟ್ಟೆಯವರಾಗಿಯೂ, ಇನ್ನು ಕೆಲವರು ಮೂರು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವವರಾಗಿಯೂ ಕಾಣುತ್ತಿದ್ದರು. ಆದರೆ ಕಣ್ಣಿಗೆ ಕಾಣುವುದನ್ನು ಬರೆಯಲು ಕಡತದಲ್ಲಿ ಅಂಕಣವಿರಲಿಲ್ಲ.

ಆ ಎತ್ತರ, ಆ ತೂಕ, ಆ ಎದೆ, ಆ ಕಲೆ ಎಲ್ಲವೂ ಮೂಡಲಪಾಳ್ಯದ ಅಂಜಿನಯ್ಯನವು. ಅವನು ಕಾರ್ಖಾನೆಯ ನೌಕರನಾಗಿರಲಿಲ್ಲ.

ಅಂಜಿನಯ್ಯ ಗರಡಿಯಲ್ಲಿ ಸಾಮು ಮಾಡಿದ ಆಳು. ಮಾಗಡಿ ರಸ್ತೆಯ ಪಕ್ಕದಲ್ಲಿ ಅವನ ಮನೆಯವರಿಗೆ ಎರಡು ಎಕರೆ ರಾಗಿಹೊಲವಿತ್ತು. ಕಾರ್ಖಾನೆಯ ಉಗ್ರಾಣಕ್ಕೆಂದು ಸರ್ಕಾರ ಅದನ್ನು ತೆಗೆದುಕೊಂಡಿತು. ಪ್ರತಿಯಾಗಿ ಭೂಮಿ ಬಿಟ್ಟುಕೊಟ್ಟ ಪ್ರತಿ ಮನೆಯ ಒಬ್ಬನಿಗೆ ಕೆಲಸವೆಂದು ಬರೆದುಕೊಟ್ಟಿತು. ಆ ಬರಹದ ಕೆಳಗೆ ಸಣ್ಣ ಅಕ್ಷರದಲ್ಲಿ ಎರಡು ಷರತ್ತುಗಳಿದ್ದವು. ಅಭ್ಯರ್ಥಿಗೆ ಇಪ್ಪತ್ತೈದು ವರ್ಷ ತುಂಬಿರಬಾರದು. ಅಭ್ಯರ್ಥಿ ದೇಹಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಎರಡನೆಯದನ್ನು ಓದಿ ಅಂಜಿನಯ್ಯನ ತಾಯಿ ಬೋರಮ್ಮನಿಗೆ ಕೇಳಿಸಿದಾಗ ಆಕೆ ಬಾಯ್ತುಂಬ ನಕ್ಕಿದ್ದಳು.

ಲಾಟೀನಿಗೆ ಬತ್ತಿ ಏರಿಸುವವನಿಗೂ, ಗಾಜು ಒರೆಸುವವನಿಗೂ, ಲೆಕ್ಕ ಬರೆಯುವವನಿಗೂ ಮೂವತ್ತಾರು ಅಂಗುಲದ ಎದೆ ಏಕೆ ಬೇಕೆಂದು ಯಾರೂ ಕೇಳಿರಲಿಲ್ಲ. ಕಾರಣ ಸ್ಪಷ್ಟವಾಗಿತ್ತು. ಹಿಂದೆಂದೋ ವಿಸರ್ಜನೆಯಾದ ಒಂದು ಕುದುರೆ ದಳದ ಐದು ಸಾವಿರ ದೇಹಪರೀಕ್ಷೆಯ ನಮೂನೆಗಳು ಖರ್ಚಾಗದೆ ಉಳಿದಿದ್ದವು. ಅಚ್ಚಾದ ಕಾಗದವನ್ನು ವ್ಯರ್ಥ ಮಾಡುವುದು ಅಪರಾಧ. ಹೀಗಾಗಿ ಲಾಟೀನು ಕಾರ್ಖಾನೆಯ ನೌಕರರೆಲ್ಲರೂ ಕುದುರೆಯ ಮೇಲೆ ನಾಲ್ಕು ಗಂಟೆ ಕಾಲ ಸತತವಾಗಿ ಕೂರಬಲ್ಲವರೆಂದೂ ಪ್ರಮಾಣಿತರಾಗಿದ್ದರು. ಕಾರ್ಖಾನೆಯಲ್ಲಿ ಕುದುರೆಯಿರಲಿಲ್ಲ.

ಪರೀಕ್ಷೆ ನಡೆಸುತ್ತಿದ್ದವರು ಡಾಕ್ಟರ್ ಗಂಗಾಧರಯ್ಯನವರು. ಅಧಿಕಾರ ವಹಿಸಿಕೊಂಡ ದಿನವೇ ಅಭ್ಯರ್ಥಿಯೊಬ್ಬ ಅವರ ಮುಖದ ಮೇಲೆ ಸೀನಿದ್ದ. ಅಂದಿನಿಂದ ಅವರು ಹಸಿರು ಬಟ್ಟೆಯ ತೆರೆಯೊಂದನ್ನು ಕಟ್ಟಿಸಿ ಅದರ ಹಿಂದೆ ಕೂರುತ್ತಿದ್ದರು. ಸ್ಟೆತಾಸ್ಕೋಪಿನ ಕೊಳವೆಗೆ ನಾಲ್ಕು ಅಡಿ ರಬ್ಬರನ್ನು ಜೋಡಿಸಿ, ತೆರೆಯ ತೂತಿನಿಂದ ಹೊರಗೆ ಬಿಟ್ಟಿದ್ದರು. ಕಿವಿಯ ತುದಿ ಡಾಕ್ಟರ ಬಳಿ. ಎದೆಯ ತುದಿ ಕಾಂಪೌಂಡರ್ ಜಂಬಣ್ಣನ ಕೈಯಲ್ಲಿ. ಜಂಬಣ್ಣ ಹೆಸರು ಕೂಗುವನು, ಟೇಪು ಹಿಡಿಯುವನು, ಅಳತೆ ಹೇಳುವನು, ಡಾಕ್ಟರು ಬರೆದುಕೊಳ್ಳುವರು. ವಿಜ್ಞಾನಕ್ಕೆ ಇದಕ್ಕಿಂತ ಹೆಚ್ಚು ಬೇಕಿರಲಿಲ್ಲ.

ಅಂಜಿನಯ್ಯ ಮೊದಲ ದಿನ ಅರ್ಜಿ ಹಿಡಿದು ಬಂದಾಗ ಜಂಬಣ್ಣ ಅವನನ್ನು ಸುತ್ತಲೂ ನಡೆದು ನೋಡಿದ.

“ಏನಯ್ಯಾ ಮೈ ಇದು! ಯಾವೂರು ಗರಡಿ?”

“ಮೂಡಲಪಾಳ್ಯ, ಅಣ್ಣಾರೇ. ಕೆಂಪಯ್ಯನೋರ ಗರಡಿ.”

“ನಿನ್ನ ಫೈಲು ಇನ್ನೂ ಬಂದಿಲ್ಲ ಕಣೋ. ಬರೋತನಕ ಸುಮ್ನೆ ನಿಂತಿರೋ ಬದ್ಲು ಒಂದು ಉಪಕಾರ ಮಾಡು. ಒಳಗೊಬ್ಬ ಹುಡುಗ ಇದಾನೆ, ಮನೇಲಿ ತುಂಬಾ ಕಷ್ಟ. ಎದೆ ಮಾತ್ರ ಇಪ್ಪತ್ತೊಂಬತ್ತು. ಅವನ ಹೆಸ್ರು ಕೂಗಿದಾಗ ನೀನು ಬಂದು ನಿಂತ್ಕೊ. ನಿಂಗೇನು ಸವೆಯುತ್ಯೇ?”

ಸವೆಯುವುದಿಲ್ಲವೆಂದು ಅಂಜಿನಯ್ಯನಿಗೂ ತೋರಿತು. ಅಂಗಿ ಕಳಚಿ ನಿಂತ. ತೆರೆಯ ಹಿಂದಿನಿಂದ “ಭೇಷ್” ಎಂಬ ಮಾತು ಕೇಳಿ ಅವನಿಗೆ ಸಂತೋಷವೇ ಆಯಿತು. ತುಂಬಾ ಕಷ್ಟದಲ್ಲಿದ್ದ ಮನೆಯಿಂದ ಆ ಸಂಜೆ ಜಂಬಣ್ಣನಿಗೆ ಒಂದು ಡಬ್ಬ ತುಪ್ಪ ಬಂದುದು ಅಂಜಿನಯ್ಯನಿಗೆ ತಿಳಿಯಲಿಲ್ಲ.

ಮರುವಾರ ಇಬ್ಬರು. ಅದರ ಮರುವಾರ ಐವರು. ಅವನ ಫೈಲು ಮಾತ್ರ ಬರಲಿಲ್ಲ. ಅದು ಜಂಬಣ್ಣ ಕೂರುವ ಪೆಟ್ಟಿಗೆಯೊಳಗೇ ಇದ್ದುದರಿಂದ ಬರುವ ಅಗತ್ಯವೂ ಇರಲಿಲ್ಲ. ಅಂಜಿನಯ್ಯ ವಾರಕ್ಕೆರಡು ಸಲ ಮೂಡಲಪಾಳ್ಯದಿಂದ ನಡೆದು ಬಂದು, ತೇರ್ಗಡೆಯಾಗಿ, ನಡೆದು ಹಿಂತಿರುಗುತ್ತಿದ್ದ.

“ಏನಾಯ್ತೋ ಮಗ?” ಎಂದು ಬೋರಮ್ಮ ಕೇಳುವಳು.

“ಪಾಸಾದೆ ಕಣವ್ವ.”

“ಅಂಗಾದ್ರೆ ಕೆಲ್ಸ?”

“ಅದು ಅಮಲ್ದಾರ್ರ ಅಳಿಯಂಗೆ ಸಿಕ್ತು.”

“ಓದ್ಸಲಾನೂ ಪಾಸಾಗಿದ್ದೆ ಅಂದ್ಯಲ್ಲೋ.”

“ಓದ್ಸಲಾನೂ ಪಾಸೇ. ಅದು ಸಕ್ಕರೆ ಡಿಪೋದೋರ ಮಗಂಗೆ.”

ಬೋರಮ್ಮ ಮುದ್ದೆಯ ಮೇಲೆ ಇನ್ನೊಂದು ಸೌಟು ಸಾರು ಬಿಡುವಳು. ಮಗ ಇಷ್ಟೊಂದು ಪಾಸಾಗುತ್ತಿರುವಾಗ ಯಾವುದಾದರೊಂದು ಅವನಿಗೇ ತಗುಲದೆ ಇರದೆಂದು ಆಕೆಯ ನಂಬಿಕೆ. ಅತ್ತಿಗುಪ್ಪೆಯ ಮುನಿಯಪ್ಪನೂ ಅದೇ ನಂಬಿಕೆಯಿಂದ ತನ್ನ ಮಗಳನ್ನು ಅಂಜಿನಯ್ಯನಿಗೆ ಕೊಡುವುದಾಗಿ ಮಾತು ಕೊಟ್ಟಿದ್ದ. ಕೆಲಸದ ಆರ್ಡರು ಬಂದ ದಿನವೇ ವೀಳ್ಯಶಾಸ್ತ್ರ ಎಂದಿದ್ದ.

ಡಾಕ್ಟರಿಗೂ ಸಂಶಯ ಬಂದಿರಲಿಲ್ಲವೆನ್ನುವಂತಿಲ್ಲ. ನಲವತ್ತೊಂದು ಸಲ ಅದೇ ಎದೆಬಡಿತವನ್ನು ಕೇಳಿದ ಮೇಲೆ ಅವರು ಈ ಬಗ್ಗೆ ಗಾಢವಾಗಿ ಆಲೋಚಿಸಿ, ಬೆಂಗಳೂರಿನ ಪಶ್ಚಿಮ ಭಾಗದ ಯುವಕರ ಹೃದಯಗಳು ಏಕರೂಪವಾಗಿರುವುದಕ್ಕೆ ಅಲ್ಲಿನ ಬಾವಿನೀರೇ ಕಾರಣವೆಂದು ಒಂದು ಲೇಖನವನ್ನು ಬರೆದಿದ್ದರು.

ಆ ಲೇಖನವನ್ನು ಓದಿಯೇ ಮೇಲಿನ ಕಚೇರಿಯ ತನಿಖಾಧಿಕಾರಿಗಳು ಕಾರ್ಖಾನೆಗೆ ಬಂದರು. ಅವರು ನೌಕರರನ್ನು ನೋಡಲಿಲ್ಲ, ಕಡತವನ್ನು ನೋಡಿದರು. ಗುರುತಿನ ಚಿಹ್ನೆಯ ಅಂಕಣದಲ್ಲಿ ನಲವತ್ತೊಂದು ಸಲ ಹೋರಿ ತಿವಿದ ಕಲೆಯನ್ನು ಕಂಡು, ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿದರು. ಜಂಬಣ್ಣ ಬಾಗಿಲಿನತ್ತ ಎರಡು ಹೆಜ್ಜೆ ಸರಿದ. ಅದು ಅನಾವಶ್ಯಕವಾಗಿತ್ತು. ತನಿಖಾಧಿಕಾರಿಗಳು ಹೇಳಿದರು: “ಶಿಸ್ತು ಅಂದರೆ ಇದು! ಬೇರೆ ಕಾರ್ಖಾನೆಗಳಲ್ಲಿ ಒಬ್ಬನಿಗೆ ಮಚ್ಚೆ, ಇನ್ನೊಬ್ಬನಿಗೆ ಸಿಡುಬಿನ ಗುಳಿ. ಗೊಂದಲ. ಇಲ್ಲಿ ಎಲ್ಲರಿಗೂ ಒಂದೇ.”

ಹದಿನೈದು ದಿನಗಳಲ್ಲಿ ಸುತ್ತೋಲೆ ಬಂದಿತು.

‘ಎಡಭುಜದ ಕೆಳಗಿನ ಮೂರು ಅಂಗುಲದ ಕಲೆಯನ್ನು ಲಾಟೀನು ಕಾರ್ಖಾನೆಯ ಅಧಿಕೃತ ಗುರುತೆಂದು ಅಂಗೀಕರಿಸಲಾಗಿದೆ. ಯಾವ ನೌಕರನ ಕಲೆಯಾದರೂ ಮಾಸಿಹೋಗಿದ್ದಲ್ಲಿ ಅದನ್ನು ವೈದ್ಯ ಶಾಖೆಯಲ್ಲಿ ನವೀಕರಿಸತಕ್ಕದ್ದು. ಇನ್ನು ಮುಂದಿನ ಅಭ್ಯರ್ಥಿಗಳು ಕಲೆಯೊಂದಿಗೆ, ಅದು ಶಾಖೆಯಲ್ಲಿಯೇ ಉಂಟಾಯಿತೆಂಬ ದೃಢೀಕರಣ ಪತ್ರವನ್ನೂ ಹಾಜರುಪಡಿಸತಕ್ಕದ್ದು. ಪತ್ರವಿಲ್ಲದೆ ಸದರಿ ಕಲೆಯನ್ನು ಧರಿಸುವುದು ಅನಧಿಕೃತವಾಗಿ ಸಮವಸ್ತ್ರ ಧರಿಸಿದುದಕ್ಕೆ ಸಮ.’

ನಲವತ್ತೊಂದು ಮಂದಿಯ ಕಲೆಯೂ ಮಾಸಿಹೋಗಿತ್ತು. ಜಂಬಣ್ಣ ಮಕ್ಕಳ ಕಾಮಾಲೆಗೆ ಬರೆ ಹಾಕುವ ಮನೆತನದವನು. ಕಬ್ಬಿಣದ ಕಡ್ಡಿ ಅವನ ಮನೆಯಲ್ಲಿಯೇ ಇತ್ತು. ಮೂರು ದಿನಗಳ ಕಾಲ ವೈದ್ಯ ಶಾಖೆಯ ಮುಂದೆ ನೌಕರರು ಅಂಗಿ ಕಳಚಿ ಸಾಲಾಗಿ ನಿಂತು, ಒಬ್ಬೊಬ್ಬರಾಗಿ ಒಳಗೆ ಹೋಗಿ, ಒಬ್ಬೊಬ್ಬರಾಗಿ ಕೂಗಿಕೊಂಡರು. ಯಾರೂ ಆಕ್ಷೇಪಿಸಲಿಲ್ಲ. ಪಿಂಚಣಿಯಿರುವ ಕೆಲಸ.

ಅಂಜಿನಯ್ಯ ಇದನ್ನೆಲ್ಲ ಕಿಟಕಿಯಿಂದ ನೋಡಿದ. ತಾನು ಹನ್ನೆರಡನೆಯ ವಯಸ್ಸಿನಲ್ಲಿ, ಮನೆಯ ಹೋರಿಗೆ ನೀರು ತೋರಿಸುವಾಗ ಪುಕ್ಕಟೆಯಾಗಿ ಪಡೆದದ್ದಕ್ಕೆ ಇಷ್ಟು ಜನ ಸರದಿಯಲ್ಲಿ ನಿಂತಿರುವುದನ್ನು ಕಂಡು ಅವನಿಗೆ ಧೈರ್ಯ ಬಂದಿತು. ಮರುದಿನ, ಅಂದರೆ ತನಗೆ ಇಪ್ಪತ್ತೈದು ತುಂಬುವ ಹಿಂದಿನ ದಿನ, ಬೆಳಗ್ಗೆ ಎಂಟು ಗಂಟೆಗೇ ಬಂದು ಬಾಗಿಲಿಗೆ ಅಡ್ಡ ಕೂತ.

“ಅಣ್ಣಾರೇ, ಇವತ್ತು ನನ್ನ ಹೆಸ್ರು ಕೂಗ್ಲೇಬೇಕು. ಇರೋದು ಒಂದೇ ಜಾಗ ಅಂತೆ. ನಾಳೆ ಆದ್ರೆ ನಂಗೆ ವಯಸ್ಸು ಮೀರೋಯ್ತದೆ.”

“ಕೂಗ್ತೀನಿ ಕಣೋ. ಯಾಕೋ ಹೀಗೆ ಕಣ್ಣು ಬಿಡ್ತೀಯ? ನಾನೇನು ನಿಮ್ಮ ಹೊಲ ತಿಂದ್ನೇ?”

ಜಂಬಣ್ಣ ಪೆಟ್ಟಿಗೆಯಿಂದ ಎದ್ದು, ಫೈಲು ತೆಗೆದು, ಧೂಳು ಹೊಡೆದು, ಕೂಗಿದ: “ಅಂಜಿನಯ್ಯ ಬಿನ್ ದೊಡ್ಡಯ್ಯ, ಮೂಡಲಪಾಳ್ಯ!”

ತನ್ನ ಹೆಸರು ಆ ಕೋಣೆಯಲ್ಲಿ ಮೊದಲ ಬಾರಿಗೆ ಕೇಳಿ ಅಂಜಿನಯ್ಯ ಒಂದು ಕ್ಷಣ ಯಾರನ್ನೋ ಕರೆದರೆಂದುಕೊಂಡ. ಆಮೇಲೆ ಹೋಗಿ ನಿಂತ.

“ಎದೆ?” ಎಂದರು ತೆರೆಯ ಹಿಂದಿನಿಂದ.

“ಮೂವತ್ತಾರು, ಮೂವತ್ತೊಂಬತ್ತು ಸಾರ್.”

“ಗುರುತು?”

“ಇದೆ ಸಾರ್. ಕಲೆ.”

“ದೃಢೀಕರಣ ಪತ್ರ?”

ಜಂಬಣ್ಣ ಅಂಜಿನಯ್ಯನನ್ನು ನೋಡಿದ. ಅಂಜಿನಯ್ಯ ತೆರೆಯನ್ನು ನೋಡಿದ.

“ಸ್ವಾಮಿ, ಇದು ಹೋರಿ ತಿವಿದಿದ್ದು,” ಎಂದ.

“ಹೋರಿಯಿಂದ ಪತ್ರ ತಂದಿದ್ದೀಯೇನಯ್ಯಾ?”

“ಹೋರಿ ಸತ್ತೋಯ್ತು ಸ್ವಾಮಿ.”

“ಹಾಗಾದರೆ ಇದು ಅನಧಿಕೃತ ಕಲೆ. ಅನರ್ಹ.” ಡಾಕ್ಟರು ಲೇಖನಿಯನ್ನು ಅದ್ದಿದರು, ಆದರೆ ಬರೆಯಲಾಗಲಿಲ್ಲ. ಕುದುರೆ ದಳದ ನಮೂನೆಯಲ್ಲಿ ಅನರ್ಹತೆಗೆ ಎರಡೇ ಕಾರಣಗಳು ಅಚ್ಚಾಗಿದ್ದವು: ಮಂದದೃಷ್ಟಿ ಮತ್ತು ದುರ್ಬಲ ಎದೆ. “ಜಂಬಣ್ಣ, ಇವನಿಗೆ ಕಣ್ಣು ಕಾಣುತ್ತದೆಯೇ?”

“ಚೆನ್ನಾಗಿ ಕಾಣುತ್ತೆ ಸಾರ್.”

“ಹಾಗಾದರೆ ಎದೆ,” ಎಂದು ಡಾಕ್ಟರು ಬರೆದು ಮೊಹರು ಒತ್ತಿದರು.

ಅಂಜಿನಯ್ಯ ಅಂಗಿಗೆ ಕೈ ಹಾಕಿದ. ಜಂಬಣ್ಣ ಅವನ ರಟ್ಟೆ ಹಿಡಿದು ಪಿಸುಗುಟ್ಟಿದ: “ಹಾಕ್ಕೋಬೇಡ, ಇರು. ಇನ್ನೊಂದಿದೆ. ಮ್ಯಾನೇಜರ್ ಸಾಹೇಬ್ರ ಭಾವಮೈದ, ನಾಣಿ ಅಂತ. ನಿಮ್ಮನೆ ಜಾಗ ಖಾಲಿ ಆಯ್ತಲ್ಲ, ಅದಕ್ಕೇ.”

“ನಮ್ಮ ಜಾಗಕ್ಕೇ ನಾನು ನಿಂತ್ಕೋಬೇಕಾ?”

“ಮತ್ತೆ ಇನ್ಯಾರು ನಿಂತ್ಕೋತಾರೆ? ಆ ನಾಣಿಗೆ ಎದೆ ಇಪ್ಪತ್ತೇಳು. ನೋಡು ಅಂಜಿನಿ, ನೀನು ಮೇಲ್ಮನವಿ ಹಾಕ್ಕೊಂಡ್ರೆ ಅದನ್ನ ನೋಡೋರು ಮ್ಯಾನೇಜರ್ ಸಾಹೇಬ್ರೇ. ವಯಸ್ಸಿನ ವಿಷ್ಯಾನೂ ಅವರೇ ಸರಿ ಮಾಡ್ಬೇಕು. ಇವತ್ತು ಅವ್ರ ಮನಸ್ಸು ನೋಯಿಸ್ತೀಯಾ?”

ಅಂಜಿನಯ್ಯ ಬಾಗಿಲಿನತ್ತ ನೋಡಿದ. ಬಾಗಿಲಲ್ಲಿ ನಾಣಿ ಉಣ್ಣೆಯ ಶಾಲು ಹೊದ್ದು, ಬಿಸಿನೀರಿನ ಫ್ಲಾಸ್ಕ್ ಹಿಡಿದು ನಿಂತಿದ್ದ. ಕೈಯಲ್ಲಿ ದೃಢೀಕರಣ ಪತ್ರವಿತ್ತು. ಬರೆಯೆಂದರೆ ಅವನಿಗೆ ಭಯವಾದುದರಿಂದ ಪತ್ರವನ್ನು ಮಾತ್ರ ಮಾಡಿಸಿಕೊಂಡಿದ್ದ.

“ಬೇಗ ಮುಗಿಸ್ತೀರಾ?” ಎಂದು ನಾಣಿ ವಿನಯದಿಂದ ಕೇಳಿದ. “ಇಲ್ಲಿ ಗಾಳಿ.”

ಜಂಬಣ್ಣ ಅವನ ಹೆಸರನ್ನು ಕೂಗಿದ. ಕೂಗಿದೊಡನೆ ಅಂಜಿನಯ್ಯನ ಕೈಗಳು ತಾವಾಗಿಯೇ ಮೇಲೆದ್ದವು. ನಲವತ್ತೊಂದು ಸಲದ ಅಭ್ಯಾಸ. ಟೇಪು ಎದೆಯನ್ನು ಸುತ್ತಿತು. ಅವನು ಉಸಿರೆಳೆದ.

“ಮೂವತ್ತಾರು, ಮೂವತ್ತೊಂಬತ್ತು ಸಾರ್. ಕಲೆ ಇದೆ. ಪತ್ರವೂ ಇದೆ.”

ಡಾಕ್ಟರು ಬಹಳ ಹೊತ್ತು ಕೊಳವೆಗೆ ಕಿವಿಗೊಟ್ಟಿದ್ದರು. ಅವರ ದನಿಯಲ್ಲಿ ಭಾವುಕತೆಯಿತ್ತು. “ಆಹಾ! ಎದೆ ಎಂದರೆ ಇದು. ಜಂಬಣ್ಣ, ಈಗ ಫೇಲಾದನಲ್ಲ, ಅವನು ಹೊರಟುಹೋದನೇ?”

“ಇಲ್ಲ ಸಾರ್, ಇಲ್ಲೇ ನಿಂತಿದಾನೆ.”

“ಅವನಿಗೆ ಇವನನ್ನು ತೋರಿಸು. ಏನಯ್ಯಾ, ನೋಡಿದೆಯಾ? ದೇಹವನ್ನು ಹೀಗೆ ಇಟ್ಟುಕೊಳ್ಳಬೇಕು.”

“ನೋಡ್ದೆ ಸ್ವಾಮಿ,” ಎಂದ ಅಂಜಿನಯ್ಯ.

ನಾಣಿಗೆ ಆದೇಶ ಅಂದೇ ಸಿಕ್ಕಿತು. ಅಂಜಿನಯ್ಯನ ಮೇಲ್ಮನವಿಯನ್ನು, ಅರ್ಜಿದಾರನ ವಯಸ್ಸು ಮೀರಿರುವ ಕಾರಣ, ಮರುದಿನ ತಿರಸ್ಕರಿಸಲಾಯಿತು. ಅನಧಿಕೃತ ಕಲೆಯನ್ನು ಸಾರ್ವಜನಿಕವಾಗಿ ಪ್ರದರ್ಶಿಸುವುದಿಲ್ಲವೆಂದು ಅವನಿಂದ ಮುಚ್ಚಳಿಕೆ ಬರೆಸಿಕೊಂಡು, ದುರ್ಬಲ ಎದೆಯ ಪ್ರಮಾಣಪತ್ರದ ಒಂದು ಪ್ರತಿಯನ್ನು ಉಚಿತವಾಗಿ ಕೊಡಲಾಯಿತು.

ಅವನು ಅದನ್ನು ಮನೆಗೆ ತಂದ. ಶಾಲೆಯ ಮೇಷ್ಟ್ರು ಓದಿ ಹೇಳಿದರು. ಬೋರಮ್ಮ ಮಗನ ಬರಿಮೈಯನ್ನು ಬಹಳ ಹೊತ್ತು ದಿಟ್ಟಿಸಿ ನೋಡಿದಳು.

“ನಂಗೇನೂ ಕಾಣಾಕಿಲ್ಲವಲ್ಲ ಮೇಷ್ಟ್ರೇ?”

“ಒಳಗಿನ ದೌರ್ಬಲ್ಯ ಅಮ್ಮಾ. ನಮಗೆ ನಿಮಗೆ ಕಂಡರೆ ಡಾಕ್ಟರು ಯಾಕೆ ಬೇಕು?”

ಆಕೆ ತಲೆಯಾಡಿಸಿದಳು. ಮರುದಿನದಿಂದ ನೀರಿನ ಕೊಡವನ್ನು ಅವನ ಕೈಯಿಂದ ಕಿತ್ತುಕೊಳ್ಳತೊಡಗಿದಳು. ಗರಡಿಯ ಕೆಂಪಯ್ಯ ಬಂದು, ಕಾಗದವನ್ನು ಮುಟ್ಟಿ ನೋಡಿ, “ಮೊಹರಿದೆ ಕಣಪ್ಪ. ಅಖಾಡದಲ್ಲಿ ನಿಂಗೇನಾದ್ರೂ ಆದ್ರೆ ನನ್ನ ತಲೆ ಮೇಲೆ ಬರ್ತದೆ,” ಎಂದು, ಸಾಮಿಗೆ ಬರಬೇಡವೆಂದು ಹೇಳಿ, ಹೋಗುವಾಗ ಅವನ ಬೆನ್ನು ತಟ್ಟಲು ಕೈಯೆತ್ತಿ, ಯೋಚಿಸಿ, ಇಳಿಸಿದ. ಅತ್ತಿಗುಪ್ಪೆಯ ಮುನಿಯಪ್ಪ ಮಗಳನ್ನು ಬೇರೆ ಕಡೆಗೆ ಗೊತ್ತುಮಾಡಿದ. ಅವನನ್ನು ಯಾರೂ ದೂರಲಿಲ್ಲ. ಎದೆ ಸರಿಯಿಲ್ಲದವನಿಗೆ ಹೆಣ್ಣು ಯಾರು ಕೊಡುತ್ತಾರೆ? ವರ ಲಾಟೀನು ಕಾರ್ಖಾನೆಯಲ್ಲಿ ಹೊಸದಾಗಿ ಖಾಯಮಾದ ನೌಕರ. ಮೂವತ್ತಾರು ಅಂಗುಲ.

ಅಂಜಿನಯ್ಯ ಮೊದಮೊದಲು ಎಲ್ಲರಿಗೂ ನಡೆದುದನ್ನು ಹೇಳುತ್ತಿದ್ದ. ಕೇಳಿದವರು ಅವನನ್ನು ಹೆಚ್ಚು ಮಾತನಾಡಗೊಡದೆ, ಆಯಾಸ ಮಾಡಿಕೊಳ್ಳಬೇಡವೆಂದು ಕೂರಿಸುತ್ತಿದ್ದರು. ಜಗಲಿಯ ಮೇಲೆ ಅವನಿಗೆಂದೇ ಒಂದು ಕಂಬಳಿ ಹಾಸಿದರು. ಕೂತು ಕೂತು ಅವನಿಗೆ ಅದು ರೂಢಿಯಾಯಿತು. ಎದ್ದು ನಾಲ್ಕು ಹೆಜ್ಜೆ ಇಟ್ಟರೆ ಎದೆಯ ಮೇಲೆ ತಾನೇ ಕೈಯಿಟ್ಟು ನೋಡಿಕೊಳ್ಳತೊಡಗಿದ.

ಮೂರನೆಯ ವಾರದ ಸೋಮವಾರ ಅಂಜಿನಯ್ಯ ಕೆಮ್ಮಿದ. ಹೆಚ್ಚೇನಲ್ಲ, ಎರಡು ಸಲ. ಒಲೆಯ ಮುಂದಿದ್ದ ಬೋರಮ್ಮ ತಿರುಗಿ ನೋಡಿದಳು, ಎದುರುಮನೆಯವರೂ ನೋಡಿದರು. ಇಷ್ಟು ದಿನ ಇದ್ದ ಒಂದು ಸಣ್ಣ ಅನುಮಾನವೂ ಪರಿಹಾರವಾದಂತಾಗಿ, ಎಲ್ಲರ ಮುಖದಲ್ಲಿಯೂ ನೆಮ್ಮದಿ ಕಂಡಿತು.

“ನೋಡಿದ್ಯಾ ಮಗ, ಎಂಥ ಡಾಕ್ಟ್ರು!” ಎಂದಳು ಬೋರಮ್ಮ. “ಮುಟ್ಟದೇನೇ ಹೇಳ್ಬಿಟ್ರು.”