ರಜೆಯಲ್ಲಿ ಸಿಕ್ಕ ಹಕ್ಕಿಗಳು

ಹಕ್ಕಿ ನೋಡಲು ಹೊರಟಾಗೆಲ್ಲ ನನಗೆ ಹಕ್ಕಿಗಿಂತ ಮೊದಲು ಏನಾದರೊಂದು ಫಜೀತಿ ಕಾಣಿಸಿಕೊಳ್ಳುತ್ತದೆ. ಈ ದಸರಾ ರಜೆಯಲ್ಲಿ ನಾನೂ ನಮ್ಮ ಯಜಮಾನರೂ ಕಲಬುರಗಿಯಿಂದ ಸಿಂಧನೂರಿನ ಅಕ್ಕನ ಮನೆಗೆ ಹೋಗಿದ್ದೆವು. ಮದುವೆ ಫೋಟೋ ತೆಗೆಯುವ ಮೈದುನನ ಕ್ಯಾಮೆರಾ ಬೇಡಿ ತಂದಿದ್ದೆ. "ವೈನಿ, ಇದಕ್ಕೇನರ ಆದ್ರ ನನ್ನ ಅಂಗಡಿನ ಬಂದ್ ಆಗತೈತಿ ನೋಡ್ರಿ" ಎಂದು ಹೇಳಿಯೇ ಕೊಟ್ಟಿದ್ದ.

ಕಾಲುವೆ ದಂಡೆ

ಮೊದಲ ದಿನ ಬೆಳಗ್ಗೆ ಕಾಲುವೆಯಲ್ಲಿ ಮಿಂಚುಳ್ಳಿ ಸಿಕ್ಕಿತು. ನೀರಿಗೆ ಇಳಿಬಿಟ್ಟ ಪೈಪಿನ ಮೇಲೆ ನೀಲಿ ಬೆನ್ನು ತೋರಿಸಿ ಕೂತಿತ್ತು. ನಾನು ಆ ಉದ್ದನೆಯ ಲೆನ್ಸ್ ಎತ್ತಿದ್ದೇ ತಡ, ಗದ್ದೆಯಿಂದ ರೈತನೊಬ್ಬ ಓಡಿಬಂದು ಮೋಟಾರು ನಿಲ್ಲಿಸಿ ಪೈಪನ್ನು ದರದರ ಎಳೆದುಕೊಂಡ. ಹಕ್ಕಿ ಹಾರಿಹೋಯಿತು.

"ಮೇಡಮ್ಮಾರ, ಈಗಷ್ಟ ಹಚ್ಚಿದ್ದೆರೀ! ಫೋಟೋ ನೀರಾವರಿ ಸಾಹೇಬ್ರಿಗೆ ಕಳಸಬ್ಯಾಡ್ರಿ, ಕಾಲುವಿಗೆ ಮೋಟಾರ್ ಹಚ್ಚಿದ್ದಕ್ಕ ಕೇಸ್ ಹಾಕ್ತಾರ!"

"ನಾ ಸಾಲಿ ಟೀಚರ್ ಅದೀನ್ರಿ. ಹಕ್ಕಿ ಫೋಟೋ ತಗ್ಯಾಕ ಬಂದೀನಿ."

ಅವನು ದೊಡ್ಡದಾಗಿ ಉಸಿರು ಬಿಟ್ಟು ಅಲ್ಲೇ ಕುಕ್ಕರಗಾಲಲ್ಲಿ ಕೂತ. ಆಮೇಲೆ ಎದ್ದು, ಪೈಪನ್ನು ಮತ್ತೆ ನೀರಿಗೆ ಬಿಡುತ್ತ ಹೇಳಿದ: "ನಿಂದರ್ರಿ, ಇನ್ನೊಮ್ಮೆ ಬಂದು ಕುಂದರತೈತಿ. ಆದ್ರ ಹಕ್ಕಿ ಅಷ್ಟ ತಗೀರಿ, ಪೈಪ್ ಬರಬಾರದು!"

ಗುಡ್ಡದ ಗೂಬೆ

ಮಸ್ಕಿ ಗುಡ್ಡದ ಬಂಡೆಗಳ ಸಂದಿಯಲ್ಲಿ ದೊಡ್ಡ ಗೂಬೆ ಕಂಡಿತು. ಯಜಮಾನರಿಗೆ ಕೆಮ್ಮಲೂ ಬಿಡದೆ ಅರ್ಧ ತಾಸು ಮಂಡಿಯೂರಿ ಫೋಟೋ ತೆಗೆದೆ. ಆಡು ಮೇಯಿಸುತ್ತಿದ್ದ ಮುದುಕಿಯೊಬ್ಬಳು ಬಂದು ನಿಂತಳು.

"ಏನ್ ನೋಡಾಕತ್ತೀಯವ್ವಾ?"

"ಮೆಲ್ಲಕ ಮಾತಾಡು ಆಯಿ. ಅಲ್ಲಿ ಗೂಬಿ ಕುಂತೈತಿ."

"ಅದು ಕಲ್ಲಬೇ. ಗೂಬಿ ನಿನ್ನ ಹಿಂದಿನ ಗಿಡದಾಗ ಐತಿ. ಆಗಿನಿಂದ ನಿನ್ನ ನೋಡಾಕತ್ತೈತಿ."

ಸಿಂಧನೂರು ಬಸ್

ಕೊನೆಯ ದಿನ ಲಿಂಗಸುಗೂರಿನ ಕಡೆ ಕೆರೆ ನೋಡಿಕೊಂಡು ಮಧ್ಯಾಹ್ನದ ಬಸ್ಸಿಗೆ ಸಿಂಧನೂರಿಗೆ ಬಂದೆವು. ಇಳಿದು ಆಟೋ ಹತ್ತಿ, ಅಕ್ಕನ ಮನೆಯ ಓಣಿ ತಿರುಗುವಾಗ ನಾನು ಸೀಟಿನ ಮೇಲೆ ಕೆಳಗೆ ತಡಕಾಡಿದೆ.

"ಕ್ಯಾಮೆರಾ ಚೀಲ ಎಲ್ಲಿ?"

"ನಿನ್ನ ಕಡೆ ಐತಿ ಅನ್ಕೊಂಡಿದ್ದೆ" ಎಂದರು ಯಜಮಾನರು.

"ನಾ ನಿಮ್ಮ ಹೆಗಲಿಗೆ ಐತಿ ಅನ್ಕೊಂಡಿದ್ದೆ!"

ಆಟೋ ತಿರುಗಿಸಿದೆವು. ದಾರಿಯುದ್ದಕ್ಕೂ ಮೈದುನನ ಅಂಗಡಿಯ ಬಾಗಿಲು ಮುಚ್ಚಿದಂತೆಯೇ ಕಣ್ಣಿಗೆ ಕಾಣುತ್ತಿತ್ತು. ಬಸ್ ಸ್ಟ್ಯಾಂಡಿನಲ್ಲಿ ಬಸ್ ಇರಲಿಲ್ಲ. ಆದರೆ ಡ್ಯೂಟಿ ಮುಗಿಸಿದ ನಮ್ಮ ಬಸ್ಸಿನ ಕಂಡಕ್ಟರ್ ವಿಚಾರಣೆ ಕೋಣೆಯಲ್ಲಿ ಚಹಾ ಕುಡಿಯುತ್ತಿದ್ದರು. ಮೇಜಿನ ಮೇಲೆ ನಮ್ಮ ಚೀಲ! ಕೈ ಹಾಕಲು ಹೋದರೆ ಅವರು ತಡೆದರು.

"ಯಾರದೋ ಸಾಮಾನು ಯಾರಿಗೋ ಕೊಡಾಕ ಬರಂಗಿಲ್ರಿ ಅಕ್ಕಾರ. ಒಳಗ ಏನೇನ್ ಫೋಟೋ ಅದಾವ ಹೇಳ್ರಿ."

"ಬರೇ ಹಕ್ಕಿ ಅದಾವ್ರಿ" ಎಂದೆ ಧೈರ್ಯವಾಗಿ. "ಕೊಕ್ಕರಿ, ಬೆಳ್ಳಕ್ಕಿ, ಮಿಂಚುಳ್ಳಿ. ಹಕ್ಕಿ ಬಿಟ್ರ ಬ್ಯಾರೆ ಒಂದೂ ಇಲ್ಲ."

ಕಂಡಕ್ಟರ್ ಕ್ಯಾಮೆರಾ ತೆಗೆದು ಗುಂಡಿ ಒತ್ತಿದರು. ಬಸ್ಸಿನಲ್ಲಿ ನಾನು ತಮಾಷೆಗೆ ತೆಗೆದ ಕೊನೆಯ ಫೋಟೋ ಮೂಡಿತು: ಕಿಟಕಿಗೆ ತಲೆ ವಾಲಿಸಿ, ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದ ನಮ್ಮ ಯಜಮಾನರು.

ಕಂಡಕ್ಟರ್ ಫೋಟೋ ನೋಡಿದರು, ನನ್ನ ಪಕ್ಕದಲ್ಲಿ ನಿಂತವರನ್ನು ನೋಡಿದರು, ಚೀಲವನ್ನು ನನ್ನ ಕಡೆ ಸರಿಸಿದರು.

"ತಗೋರಿ, ನಿಮ್ಮದ ಐತಿ. ಆದ್ರ ಈ ಬಾಯಿ ತಕ್ಕೊಂಡು ಕುಂತದ್ದು ಯಾವ ಹಕ್ಕಿರೀ?"